ಎಮ್ಮೆಯ ಪಾಲಿನ ಉಂಡಿ

ಈಗಷ್ಟೇ ನೆರೆಮನೆಯಿಂದ ಹುರಿದ ಶೇಂಗಾದ ವಾಸನೆ ಬಂತು. ನಾಗರ ಪಂಚಮಿ ಬಂತೆಂದು ತಿಳಿಯಲು ನನಗೆ ಕ್ಯಾಲೆಂಡರ್ ಬೇಕಿಲ್ಲ; ನಮ್ಮ ಎಮ್ಮೆಗೂ ಬೇಕಿಲ್ಲ. ಅದು ಆಗಲೇ ಸುಶೀಲಾ ಕಾಕುವಿನ ಹಿತ್ತಿಲ ಕಡೆಗೆ ಮೂಗು ಚಾಚಿ ನಿಂತಿದೆ. ನೀವು ನಗಬಹುದು, ಆದರೆ ಸದಲಗಾದಲ್ಲಿ ಹಬ್ಬಗಳನ್ನೆಲ್ಲ ತಪ್ಪದೆ ಆಚರಿಸಿದ ಕ್ರೈಸ್ತ ಎಮ್ಮೆ ಎಂದರೆ ಇದೊಂದೇ.

ಕಾರಣ ಹೇಳುತ್ತೇನೆ. ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಸೇರುವ, ಬಹಳ ಕಟ್ಟುನಿಟ್ಟಿನ ಸಭೆ ನಮ್ಮದು. ವಿಗ್ರಹಕ್ಕೆ ಎಡೆ ಹಿಡಿದದ್ದನ್ನು ತಿಂದರೆ ನರಕ. ಸಿನಿಮಾ, ಬಳೆ, ಅನುಮಾನ, ಎಲ್ಲಕ್ಕೂ ಅದೇ ವಿಳಾಸ. ಕಾಕು ಮಾತ್ರ ಪ್ರತಿ ಪಂಚಮಿಗೂ ತಾಟಿನ ತುಂಬ ಶೇಂಗಾ ಬೆಲ್ಲದ ಉಂಡಿ ತರುತ್ತಿದ್ದಳು. ಬೇಡವೆಂದರೆ ಕಾಕುವಿಗೆ ಸಿಟ್ಟು, ತಿಂದರೆ ದೇವರಿಗೆ. ಅವ್ವ ನಗುತ್ತ ತಾಟು ಇಸಿದುಕೊಂಡು, ಕಾಕು ಮರೆಯಾದ ಮೇಲೆ ಎಮ್ಮೆಯ ಬಕೆಟ್ಟಿಗೆ ಸುರಿಯುತ್ತಿದ್ದಳು.

ನಾನಾಗ ಸಣ್ಣಾಕಿ, ಆದರೂ ಸುಮ್ಮನಿರಲಿಲ್ಲ.

“ಯವ್ವಾ, ಉಂಡಿ ಎಮ್ಮಿ ತಿಂತೈತಿ. ಎಮ್ಮಿ ಹಾಲು ನಾವು ಕುಡಿತೀವಿ. ಹಂಗಾದ್ರ ನಾವೂ ತಿಂದಂಗ ಆತಲ್ಲ?”

“ಹಾಲಾಗೂದ್ರಾಗ ಶುದ್ಧ ಆಗ್ತೈತಿ. ಸುಮ್ನ ಕುಡಿ.”

“ಮತ್ತ ನನ್ನ ಹೊಟ್ಯಾಗ ಯಾಕ ಶುದ್ಧ ಆಗಂಗಿಲ್ಲ?”

ಅವ್ವ ನನ್ನನ್ನು ಪಾಸ್ಟರ ಬಳಿ ಎಳೆದೊಯ್ದಳು. ಅವರು ನನ್ನ ತಲೆಯನ್ನು ಅಮುಕಿ ಹಿಡಿದು, “ಪ್ರಶ್ನೆ ಕೇಳೂ ದೆವ್ವಾ, ಬಿಡು ಈ ಕೂಸನ್ನ!” ಎಂದು ಕೂಗಿದರು. ದೆವ್ವ ಬಿಡಲಿಲ್ಲ. ಮುಂದೆ ಚಿಕ್ಕೋಡಿಯ ಕಾಲೇಜಿನ ಚರ್ಚಾ ತಂಡಕ್ಕೆ ಸೇರಿಕೊಂಡಿತು.

ಅಲ್ಲಿ ನಮ್ಮ ಸರ್ ಹೇಳುತ್ತಿದ್ದರು: “ಎದುರಿನವರ ಮಾತು ಅವರಿಗಿಂತ ಚಂದ ಹೇಳ್ರಿ, ಆಮ್ಯಾಲ ಉತ್ತರ ಕೊಡ್ರಿ.” ಒಮ್ಮೆ ಸುಮ್ಮನೆ ಕುಳಿತಾಗ ಮನಸ್ಸಿನಲ್ಲೇ ನರಕದ ಪರವಾಗಿ ಪಾಸ್ಟರಿಗಿಂತ ಚಂದ ವಾದಿಸಿದೆ. ನಂತರ ಎದುರಿನ ಪಕ್ಷದಿಂದ ಎದ್ದು ನಿಂತೆ. ನರಕ ಸೋತಿತು. ಹೆದರಿಕೆ ಮಾತ್ರ ಅಷ್ಟು ಬೇಗ ಹೋಗುವಂಥದ್ದಲ್ಲ ನೋಡಿ. ಆಮೇಲೂ ಬಹಳ ದಿನಗಳವರೆಗೆ, ಗುಡುಗಿದರೆ ಸಾಕು, ನನ್ನ ಕೈ ತಾನಾಗಿಯೇ ಪ್ರಾರ್ಥನೆಗೆ ಕೂಡಿಕೊಳ್ಳುತ್ತಿತ್ತು.

ನಮ್ಮ ಸಭೆಯಲ್ಲಿ ಭಾನುವಾರ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳಬೇಕು. ಕಳೆದ ವರ್ಷ ಪಂಚಮಿ ಮುಗಿದ ಮೇಲಿನ ಒಂದು ಭಾನುವಾರ ನಾನೂ ಎದ್ದೆ. “ನಂಗ ಇನ್ನ ನಂಬಿಕಿ ಇಲ್ಲ. ಇಷ್ಟು ದಿನ ಬರೇ ಹೆದರಿ ಬರ್ತಿದ್ದೆ. ಇನ್ನ ಮ್ಯಾಲ ಬರಂಗಿಲ್ರಿ.” ಸಾಕ್ಷಿ ಮುಗಿಯಿತೆಂದು ಹಿಂದಿನಿಂದ ಒಬ್ಬ ಅಜ್ಜ ರೂಢಿಯ ಮೇಲೆ “ಹಲ್ಲೆಲೂಯಾ!” ಎಂದ. ಅಷ್ಟು ಚಪ್ಪಾಳೆ ನನಗೆ ಸಾಕು. ಯಾವ ವೇದಿಕೆಯಲ್ಲಿ ಗೆದ್ದಾಗಲೂ ಅಷ್ಟು ನೆಟ್ಟಗೆ ನಾನು ನಿಂತಿರಲಿಲ್ಲ.

ಆದರೆ ಪಾಸ್ಟರ ಕೊನೆಯ ಮಾತು ಅವ್ವನಿಗಿತ್ತು: “ಆಕಿ ಕೂಡ ಕೂತು ಊಟ ಮಾಡಬ್ಯಾಡ್ರಿ.” ಅಂದಿನಿಂದ ಅವ್ವ ಬಿಸಿ ರೊಟ್ಟಿ ಬಡಿದು, ಅಡಿಗೆ ಮನೆಯಲ್ಲಿ ನನಗೆ ಬಡಿಸಿ, ತನ್ನ ತಾಟು ಹಿಡಿದು ಪಡಸಾಲೆಗೆ ಹೋಗುತ್ತಿದ್ದಳು. ಬೈಗುಳವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಆದರೆ ಒಬ್ಬಳೇ ರೊಟ್ಟಿ ಮುರಿಯುತ್ತ, ಪಡಸಾಲೆಯಲ್ಲಿ ಅವಳ ತಾಟಿನ ಸದ್ದು ಕೇಳುತ್ತ ಕೂರುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಕಾಕು ಉಂಡಿಯ ತಾಟು ಹಿಡಿದು ಬಂದಳು.

“ಬಾರ ಬೇ, ನಾಗಪ್ಪಗ ಒಂದೀಟು ಹಾಲ ಹಾಕಿ ಬರೂಣು.”

“ಹಾವು ಹಾಲು ಕುಡಿಯಂಗಿಲ್ಲ ಕಾಕೂ. ಉಂಡಿ ಆದ್ರ ನಾ ತಿಂತೀನಿ.”

“ಭಾಳ ಶಾಣ್ಯಾಕಿ! ಅವರ ದೇವರ್ನೂ ಬಿಡಲಿಲ್ಲ, ನಮ್ಮ ದೇವರ್ನೂ ಬಿಡಂಗಿಲ್ಲ!”

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ. ಯಾವ ದೇವರಿಗೂ ಹೆದರದೆ, ಯಾರ ಮನೆಯದನ್ನಾದರೂ ಖುಷಿಯಿಂದ ತಿನ್ನುವುದು: ನನ್ನ ಹೊಸ ಧರ್ಮ ಸದ್ಯಕ್ಕೆ ಇಷ್ಟೇ.

ಕಾಕು ತಾಟು ಕೊಟ್ಟು ಹೋದ ಮೇಲೆ ಅವ್ವ ಅದನ್ನು ಹಿಡಿದು ಬಕೆಟ್ಟಿನ ಕಡೆ ನಡೆದಳು. ನಿಂತಳು. ತಿರುಗಿ ಬಂದಳು.

“ಇಷ್ಟು ಬೆಲ್ಲ ತಿಂದ್ರ ಎಮ್ಮಿ ಹೊಟ್ಟಿ ಕೆಡ್ತೈತಿ,” ಎಂದು ತಾಟನ್ನು ನನ್ನ ಮುಂದಿಟ್ಟಳು. ಇಷ್ಟು ವರ್ಷ ಕೆಡದ ಹೊಟ್ಟೆ! ತನ್ನ ರೊಟ್ಟಿ ತಾಟು ತಂದು ನನ್ನ ಎದುರಿಗೇ ಕುಳಿತಳು. ಉಂಡಿ ಮುಟ್ಟಲಿಲ್ಲ. ಎದ್ದೂ ಹೋಗಲಿಲ್ಲ. ನಾನು ಬಾಯಿ ತೆರೆದೆ.

“ಏನೂ ಕೇಳಬ್ಯಾಡ. ತಿನ್ನು.”

ಕೇಳಲಿಲ್ಲ. ಹೊರಗೆ ಎಮ್ಮೆ ತನ್ನ ಪಾಲಿಗಾಗಿ ಒಂದೇ ಸಮನೆ ಕೂಗುತ್ತಿತ್ತು.