ಬಣ್ಣದ ಮೇಡಂ ಖಾಲಿ ಬಿಟ್ಟ ಜಾಗ

ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ. ಹಳೆಯ ಕಂಪ್ಯೂಟರಿನ ಫ್ಯಾನು ಗುರ್ ಎನ್ನುತ್ತಿದೆ. ಅದರ ಮುಂದೆ ಚಪ್ಪಲಿ ಬಿಟ್ಟು, ಕಾಲು ಮಡಚಿ ಕುಳಿತ ಲ್ಯಾಬ್ ಬೋಧಕಿ ಪರದೆಯ ನಕ್ಷೆಗೆ ತಾವೇ ಬಳಿದ ಬಣ್ಣವನ್ನು ತಾವೇ ಅಳಿಸುತ್ತಿದ್ದಾರೆ. ವಿದ್ಯಾರ್ಥಿಗಳ ಬಾಯಲ್ಲಿ ಇವರು ‘ಬಣ್ಣದ ಮೇಡಂ’. ಇವರ ಬಗ್ಗೆ ಬರೆಯಲು ಬಂದ ನಾನು ಇಷ್ಟು ಬೇಗ ಯಾಕೆ ಎಂದು ಕೇಳಿದರೆ, “ಈ ಯಂತ್ರಕ್ಕೆ ವಯಸ್ಸಾಯ್ತು. ಕ್ಲಾಸ್ ಶುರುವಾಗೋ ಹೊತ್ತಿಗೆ ಅದರ ಲೆಕ್ಕ ಮುಗಿದಿರಬೇಕಲ್ಲ” ಅನ್ನುತ್ತಾರೆ.

ಎರಡು ದ್ರವಗಳನ್ನು ಬೆರೆಸಿ ಕಾಯಿಸಿದರೆ ಎಷ್ಟು ಬಿಸಿಗೆ ಏನಾಗುತ್ತದೆ ಎಂದು ಹೇಳುವ ನಕ್ಷೆಗಳಿವೆ. ಪುಸ್ತಕದಲ್ಲಿ ಅವು ಎಡದಿಂದ ಬಲಕ್ಕೆ ಓರೆಯಾಗಿ ಇಳಿಯುವ ಬರೀ ಎರಡು ಬಾಗಿದ ಗೆರೆಗಳು: ಅಡ್ಡಕ್ಕೆ ಬೆರಕೆಯ ಪ್ರಮಾಣ, ಮೇಲಕ್ಕೆ ಬಿಸಿ. ಕೆಳಗಿನ ಗೆರೆಯ ಕೆಳಗೆ ಎಲ್ಲವೂ ದ್ರವ, ಮೇಲಿನ ಗೆರೆಯ ಮೇಲೆ ಎಲ್ಲವೂ ಆವಿ. ಮಕ್ಕಳು ಮುಗ್ಗರಿಸುವುದು ನಡುವಿನ ಜಾಗದಲ್ಲೇ. ಇವರು ಅದೇ ನಕ್ಷೆಯನ್ನು ಪರದೆಯ ಮೇಲೆ ಎಬ್ಬಿಸಿ, ತಿರುಗಿಸಿ, ಒತ್ತಡ ಏರಿಸಿ ಇಳಿಸಿ ತೋರಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ; ಪೇಂಟ್ ಕಾರ್ಖಾನೆಯ ಪಾಳಿ ಕೆಲಸ ಬಿಟ್ಟು ಇಲ್ಲಿಗೆ ಸೇರಿದ ಮೇಲೆ ಬಿದ್ದು ಎದ್ದು ಕಲಿತದ್ದು. ಓದುವಾಗ ತಾವೂ ಈ ನಕ್ಷೆಯನ್ನು ಉರು ಹೊಡೆದೇ ಪಾಸಾದದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅತ್ತೆಯ ವರದಿ ಬೇರೆಯೇ ಇದೆ: ನೀರು ಕುದಿಯುವುದನ್ನು ನೋಡಲು ಸೊಸೆಗೆ ಸಂಬಳ ಕೊಡುತ್ತಾರಂತೆ, ಮನೆಯಲ್ಲಿ ಹಾಲು ಉಕ್ಕಿದ್ದು ಮಾತ್ರ ಕಾಣುವುದಿಲ್ಲವಂತೆ.

ಎಡವಟ್ಟಾದದ್ದು ಕಳೆದ ಪರೀಕ್ಷೆಯಲ್ಲಿ. ನಡುವಿನ ಜಾಗಕ್ಕೆ ಅವರು ನೀಲಿಯಿಂದ ಕೆಂಪಿಗೆ ಮೆಲ್ಲಗೆ ಹೊರಳುವ ಬಣ್ಣ ತುಂಬಿದ್ದರು. ನೋಡಲು ಬಲು ಚೆಂದ. ಆದರೆ ದ್ರವ ಅಲ್ಲಿ ನಿಧಾನವಾಗಿ ತೆಳುವಾಗುತ್ತಾ ಆವಿಯಾಗುತ್ತದೆ ಎಂದು ಇಡೀ ತರಗತಿ ಬರೆದಿಟ್ಟಿತು. ನಿಜದಲ್ಲಿ ಅಂಥ ಅರೆಬರೆ ವಸ್ತುವೇ ಅಲ್ಲಿಲ್ಲ. ಒಂದಿಷ್ಟು ದ್ರವ, ಒಂದಿಷ್ಟು ಆವಿ, ಎರಡೂ ಬೇರೆ ಬೇರೆ. ಸೀಮೆಸುಣ್ಣವನ್ನೇ ನಂಬಿದ ವಿಭಾಗದ ಮುಖ್ಯಸ್ಥರು, ಇನ್ನೊಂದು ಕ್ಲಾಸ್ ನೋಡುತ್ತೇನೆ, ಮತ್ತೆ ಇದೇ ತಪ್ಪಾದರೆ ಈ ಪಿರಿಯಡ್ ಕಪ್ಪುಹಲಗೆಗೇ ವಾಪಸ್ ಎಂದುಬಿಟ್ಟರು. ಆ ಕ್ಲಾಸ್ ಇವತ್ತು.

ಕೋಪ ಬರಲಿಲ್ಲವೇ ಎಂದು ಕೇಳುತ್ತೇನೆ.

“ಬಂತು, ನನ್ನ ಮೇಲೇನೇ. ಮಕ್ಕಳು ನಾನು ತೋರಿಸಿದ್ದನ್ನೇ ಬರೆದಿದ್ರು. ಚಿತ್ರ ತಪ್ಪಾದ್ರೆ ಚಿತ್ರ ತಿದ್ದಬೇಕು. ಚಿತ್ರಾನೇ ಬಿಟ್ಟುಬಿಡೋಕಾಗತ್ತಾ?”

ತರಗತಿ ತುಂಬುತ್ತದೆ. ಮುಖ್ಯಸ್ಥರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಾರೆ. ಪರದೆಯ ನಕ್ಷೆಯಲ್ಲಿ ನಡುವಿನ ಜಾಗ ಈಗ ಖಾಲಿ, ಬರೀ ಕಪ್ಪು. ಹೋದ ಸಲ ಅತಿ ಉದ್ದದ ತಪ್ಪು ಉತ್ತರ ಬರೆದ ಹುಡುಗಿಯನ್ನೇ ಮೇಡಂ ಕರೆದು, ಬೆರಕೆಯನ್ನು ಸೂಚಿಸುವ ಚುಕ್ಕಿಯೊಂದನ್ನು ಮೌಸಿನಿಂದ ಆ ನಡುವೆ ಇಡಲು ಹೇಳುತ್ತಾರೆ. ಚುಕ್ಕಿ ಅಲ್ಲಿ ನಿಲ್ಲುವುದಿಲ್ಲ. ಎರಡಾಗಿ ಒಡೆದು, ಬಿಸಿ ಬದಲಾಗದ ಹಾಗೆ ಅಡ್ಡಡ್ಡಕ್ಕೆ, ಒಂದು ಎಡಕ್ಕೆ ಸರಿದು ದ್ರವದ ಗೆರೆಗೆ, ಇನ್ನೊಂದು ಬಲಕ್ಕೆ ಸರಿದು ಆವಿಯ ಗೆರೆಗೆ ಅಂಟಿಕೊಳ್ಳುತ್ತದೆ. ಹುಡುಗಿ ಪಟ್ಟು ಬಿಡದೆ ಮತ್ತೆ ಮತ್ತೆ ಇಡುತ್ತಾಳೆ, ಅದು ಓಡುತ್ತಲೇ ಇರುತ್ತದೆ. ತರಗತಿ ಮೊದಲು ನಗುತ್ತದೆ, ಆಮೇಲೆ ಮುಂದಕ್ಕೆ ಬಾಗಿ ನೋಡತೊಡಗುತ್ತದೆ.

ಮೇಡಂ ಪರದೆ ಆರಿಸುತ್ತಾರೆ. ಮುಖ್ಯಸ್ಥರು ಎದ್ದು ಬಂದು ಹಲಗೆಯ ಮೇಲೆ ಅದೇ ಗೆರೆಗಳನ್ನು ಎಳೆದು, ನಡುವಿನ ಜಾಗಕ್ಕೆ ಬೇಕೆಂದೇ ಸೀಮೆಸುಣ್ಣ ತಿಕ್ಕಿ, ಇದು ಸರಿಯೇ ಎಂದು ಆ ಹುಡುಗಿಯನ್ನು ಕೇಳುತ್ತಾರೆ. ನನ್ನ ಪಕ್ಕದಲ್ಲಿ ನಿಂತ ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

“ಇಲ್ಲ ಸರ್. ಅಲ್ಲಿ ಯಾವುದೂ ನಿಲ್ಲಲ್ಲ. ಆ ಕಡೆ ಒಂದು, ಈ ಕಡೆ ಒಂದು ಹೋಗಿಬಿಡತ್ತೆ” ಎನ್ನುತ್ತಾಳೆ ಹುಡುಗಿ.

ಮುಖ್ಯಸ್ಥರು ಡಸ್ಟರ್ ತೆಗೆದುಕೊಂಡು ನಡುವಿನ ಸುಣ್ಣ ಒರೆಸುತ್ತಾರೆ. ಪಿರಿಯಡ್ ಇರಲಿ, ಮುಂದೆ ಮೂರು ದ್ರವ ಬೆರೆಸಿದರೆ ಹೇಗೆ ಅಂತಲೂ ತೋರಿಸಿ ಎಂದಷ್ಟೇ ಹೇಳಿ ಹೋಗುತ್ತಾರೆ.

ಗೆದ್ದಿರಲ್ಲ ಎನ್ನುತ್ತೇನೆ. ಮೇಡಂ ಆಗಲೇ ಆ ಮೂರನೆಯ ದ್ರವದ ಅಂಕಿಗಳನ್ನು ಯಂತ್ರಕ್ಕೆ ತುಂಬುತ್ತಿದ್ದಾರೆ. ಆ ಹುಡುಗಿ ಉತ್ತರ ಹೇಳುವಾಗ ಪರದೆ ಆರಿತ್ತು, ಗಮನಿಸಿದ್ರಾ ಎಂದು ನನ್ನನ್ನೇ ಕೇಳುತ್ತಾರೆ.

“ಆದ್ರೂ ಅವಳಿಗೆ ಕಾಣ್ತಿತ್ತು ನೋಡಿ. ನನಗೆ ಅಷ್ಟು ಸಾಕು.”