ಚಿನ್ನಪ್ಪ ಮುಟ್ಟದ ತಗಡು

ಹಲಸೂರಿನ ಬೃಂದಾ ಮನೆಯಲ್ಲೇ ರವಿಕೆ ಹೊಲಿದು ಸಂಸಾರ ನಡೆಸುತ್ತಿದ್ದಳು. ೧೯೯೬ರಲ್ಲಿ ಅವಳ ತಂದೆ ಚಿನ್ನಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಹೋದವು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಅವನು ನರಳಿದ್ದು ಕೇಳುತ್ತಿರಲಿಲ್ಲ. ಒಮ್ಮೆ ಒದ್ದೆ ಹಾಸಿಗೆಯಲ್ಲೇ ಮಧ್ಯಾಹ್ನವೆಲ್ಲ ಮಲಗಿದ್ದ. ಮಗಳು ಪಂಚೆ ಬದಲಿಸುವಾಗ ಗೋಡೆ ಕಡೆ ಮುಖ ತಿರುಗಿಸಿಕೊಂಡ.

ಕಾಲಿಂಗ್ ಬೆಲ್ ಒತ್ತುವಷ್ಟು ಶಕ್ತಿ ಅವನ ಎಡಗೈಗೂ ಇರಲಿಲ್ಲ. ಬೃಂದಾ ಶಿವಾಜಿನಗರದ ರೇಡಿಯೋ ಮೆಕ್ಯಾನಿಕ್ ಕರೀಂ ಬಳಿ ಹೋಗಿ ಕೇಳಿದಳು.

"ಮುಟ್ಟಿದ್ರೆ ಸಾಕು, ಬಜರ್ ಕೂಗೋ ತರ ಮಾಡ್ಬೋದಮ್ಮ. ಆದ್ರೆ ಕೆಟ್ಟಾಗೆಲ್ಲ ಇಲ್ಲಿಗೇ ಹೊತ್ಕೊಂಡ್ ಬರ್ತೀರಾ? ನೀವೇ ಕಲೀರಿ."

ಮೊದಲು ಅವಳ ಕೈಯಿಂದಲೇ ಒಂದು ಪುಟ್ಟ ದೀಪ ಮಿಣುಕುವಂತೆ ಮಾಡಿಸಿದ. ಆಮೇಲೆ ಜೀರುಂಡೆಯ ಹಾಗೆ ಕಿರುಗುಟ್ಟುವ ಒಂದು ಆಟಿಕೆ. ಬೆಸುಗೆ ಹಾಕುವಾಗ ಅವಳು ಬೆರಳು ಸುಟ್ಟುಕೊಂಡಳು, ಬಿಡಿಭಾಗಗಳನ್ನು ಉಲ್ಟಾ ಜೋಡಿಸಿ ಹಾಳು ಮಾಡಿದಳು. "ಬೆಸುಗೆ ಹೊಳೀಬೇಕು. ಮಂಕಾಗಿದ್ರೆ ಒಳಗೆ ಹಿಡ್ದಿಲ್ಲ ಅಂತ" ಎಂದು ಕರೀಂ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ.

ಬಜರ್‌ಗೆ ತಂತಿಯಿಂದ ಜೋಡಿಸಿದ ತಗಡಿನ ತುಂಡನ್ನು ಮಂಚಕ್ಕೆ ಕಟ್ಟಿದ ದಿನ ಚಿನ್ನಪ್ಪ ಅದನ್ನು ಸವರಿದ. ಮೆಷಿನ್ ಪಕ್ಕದಲ್ಲಿ ಬಜರ್ ಕೂಗಿತು. ಸುಮ್ಮಸುಮ್ಮನೆ ಮತ್ತೆ ಸವರಿ, ಸೊಟ್ಟ ಬಾಯಲ್ಲೇ ನಕ್ಕ. ಅವನು ನಕ್ಕು ತಿಂಗಳುಗಳಾಗಿದ್ದವು.

ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕಾಲಿನಲ್ಲಿ ತುಳಿಯುವ ಮೆಷಿನ್ ಆದ್ದರಿಂದ ಬೃಂದಾಗೆ ಅದು ಗೊತ್ತೇ ಆಗಲಿಲ್ಲ. ಧೊಪ್ಪೆಂದ ಸದ್ದಿಗೆ ಓಡಿ ಹೋದಾಗ ಚಿನ್ನಪ್ಪ ನೆಲದ ಮೇಲಿದ್ದ. ಕರೆಂಟಿಲ್ಲದೆ ಬಜರ್ ಕೂಗಿರಲಿಲ್ಲ. ತಗಡನ್ನು ಸವರಿ ಸವರಿ ಸಾಕಾಗಿ ತಾನೇ ಏಳಲು ಹೋಗಿದ್ದ. ಸೊಂಟದ ಮೂಳೆ ಮುರಿದಿತ್ತು.

"ಬ್ಯಾಟರಿ ಇಡ್ಬೇಕಿತ್ತು. ನನ್ಗೂ ಹೊಳೀಲಿಲ್ಲಮ್ಮ" ಎಂದ ಕರೀಂ.

"ಮಾಡಿದ್ದು ನಾನಲ್ವಾ, ಕರೀಂ ಭಾಯ್."

ಅವಳು ಬಜರ್‌ನ ಡಬ್ಬಿ ಬಿಚ್ಚಿ ಬ್ಯಾಟರಿ ಸೇರಿಸಿದಳು. ಪ್ಲಗ್ ಕಿತ್ತು ನೋಡಿದಳು, ಮತ್ತೆ ಕಿತ್ತು ನೋಡಿದಳು. ಬಜರ್ ಕೂಗುತ್ತಿತ್ತು. ಆದರೆ ಅಪ್ಪನ ಕೈಯನ್ನು ತಗಡಿನ ಮೇಲಿಟ್ಟರೆ ಅವನು ಹಿಂದಕ್ಕೆಳೆದುಕೊಂಡ.

"ಈಗ ಸರಿಯಾಗಿದೆ, ಅಪ್ಪ. ಒಂದ್ಸಲ ಮುಟ್ಟು."

ಅವನು ಕಣ್ಣು ಮುಚ್ಚಿಕೊಂಡ.

ಪಕ್ಕದ ಮನೆಯ ಮುದುಕಿ ಜಟ್ಟೆಮ್ಮ ಮಧ್ಯಾಹ್ನ ಬಂದು ಅವನ ಹತ್ತಿರ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಒಂದು ದಿನ ಬಜರ್ ಕೂಗಿತು. ಬಿಡದೆ ಕೂಗಿತು. ಬೃಂದಾ ಕತ್ತರಿ ಎಸೆದು ಓಡಿದಳು. ಜಟ್ಟೆಮ್ಮ ಕುರ್ಚಿಯಿಂದ ಜಾರಿ ಬಿದ್ದಿದ್ದಳು, ಮೈಯೆಲ್ಲ ಬೆವರು. ಚಿನ್ನಪ್ಪ ಮಂಚದಿಂದ ಬಾಗಿ ಎಡಗೈಯಿಂದ ತಗಡನ್ನು ಬಡಿಯುತ್ತಿದ್ದ.

ಮುದುಕಿಗೆ ಸಕ್ಕರೆ ಕಾಯಿಲೆ. ತಕ್ಷಣ ಕರೆತಂದದ್ದಕ್ಕೆ ಉಳಿದಳು ಎಂದರು ಡಾಕ್ಟರು.

ಬೃಂದಾ ಆಸ್ಪತ್ರೆಯಿಂದ ಬಂದು ಅಪ್ಪನ ಕೈ ಹಿಡಿದು ಅತ್ತಳು. ಇನ್ನು ಮೇಲೆ ಕರೆಯುತ್ತಾನೆ ಎಂದುಕೊಂಡಳು. ಅವನು ಕರೆಯಲಿಲ್ಲ. ಬದುಕಿದ್ದ ಇನ್ನೊಂದು ವರ್ಷ ತನಗಾಗಿ ಆ ತಗಡನ್ನು ಮುಟ್ಟಲೇ ಇಲ್ಲ. ರವಿಕೆಯ ಒಂದು ತೋಳು ಹೊಲಿದು ಮುಗಿಸಿದಾಗಲೆಲ್ಲ ಬೃಂದಾ ತಾನಾಗಿಯೇ ಎದ್ದು ಹೋಗಿ ಅವನನ್ನು ನೋಡಿ ಬರುತ್ತಿದ್ದಳು.