ಎರಡು ಸಿನಿಮಾ ಮತ್ತು ನಮ್ಮಕ್ಕ

ಆ ದಿನಗಳಲ್ಲಿ ಮಳಖೇಡದ ನಮಗೆ ಸಿನಿಮಾ ಎಂದರೆ ಸೇಡಂ, ಸೇಡಂನ ಟಾಕೀಸು ಎಂದರೆ ಹೆಚ್ಚಾಗಿ ತೆಲುಗು. ಅವ್ವನ ತವರು ತೆಲುಗು ಸೀಮೆಯ ತಾಂಡೂರಿನ ಕಡೆ, ಅವಳಿಗೆ ಪ್ರತಿ ಮಾತೂ ತಿಳಿಯುತ್ತಿತ್ತು. ಎಂಟು ವರ್ಷದ ನನಗೆ ಅರ್ಧಂಬರ್ಧ. ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ.

ಅಕ್ಕ ಹತ್ತನೆಯ ಪರೀಕ್ಷೆ ಬರೆದ ಬೇಸಿಗೆ ಅದು. ಅವ್ವ ನಮ್ಮಿಬ್ಬರನ್ನೂ ಒಂದು ತೆಲುಗು ಸಿನಿಮಾಕ್ಕೆ ಕರೆದೊಯ್ದಳು. ಒಳಗೆ ಹುರಿದ ಶೇಂಗಾದ ವಾಸನೆ, ಬೀಡಿ ಹೊಗೆ, ಬೆವರು. ಪರದೆಯ ಮೇಲೆ ಅಕ್ಕನ ವಯಸ್ಸಿನದೇ ಒಬ್ಬ ಹುಡುಗಿ ಲಂಗ ಎತ್ತಿ ಕಟ್ಟಿ ಸೈಕಲ್ ಹೊಡೆಯುತ್ತಾಳೆ, ಅಪ್ಪ ಬೇಡವೆಂದರೂ ಕೊನೆಗೆ ಕಾಲೇಜಿಗೆ ಹೋಗುತ್ತಾಳೆ! ನಾನು ಬಾಯಿ ತೆರೆದುಕೊಂಡು ನೋಡಿದೆ. ಅಕ್ಕ ಕೈಯಲ್ಲಿದ್ದ ಶೇಂಗಾ ತಿನ್ನುವುದನ್ನೇ ಮರೆತಿದ್ದಳು.

ಅವಳಿಗೂ ಸೇಡಂ ಕಾಲೇಜಿಗೆ ಹೋಗಬೇಕಿತ್ತು. ಅಪ್ಪ, "ಹತ್ತು ಕಲ್ತಿದ್ದು ಸಾಕು. ದಿನಾ ಬಸ್ಸಿಗೆ ಯಾರು ಕಾಯ್ಬೇಕು?" ಎಂದು ಮಾತು ಮುಗಿಸಿಬಿಟ್ಟಿದ್ದ.

ಅಷ್ಟರಲ್ಲಿ ಅದೇ ಕಥೆ ಕನ್ನಡದಲ್ಲಿ ಬಂತು. ಅವ್ವನ ಹಿಗ್ಗು ಹೇಳತೀರದು. "ನೋಡ್ರಿ, ಈಗ ನಿಮಗೂ ತಿಳೀತದ. ಒಮ್ಮೆ ನೋಡಿ ಬರೂಣು" ಎಂದು ಅಪ್ಪನ ಬೆನ್ನುಬಿದ್ದಳು. ಕಥೆ ಒಂದೇ ಆದಮೇಲೆ ಹುಡುಗಿಯೂ ಒಂದೇ ಎಂದು ನಾವೆಲ್ಲ ನಂಬಿದ್ದೆವು.

ಎಲ್ಲರೂ ಹೋದೆವು. ಕನ್ನಡದ್ದರಲ್ಲೂ ಸೈಕಲ್ ಇತ್ತು. ಆದರೆ ತುಳಿಯುತ್ತಿದ್ದವನು ಹೀರೋ, ಹುಡುಗಿ ಹಿಂದೆ ಕೂತು ಮಾತುಮಾತಿಗೂ ನಾಚುತ್ತಿದ್ದಳು. ಕೊನೆಗೆ ಕಾಲೇಜಿನ ಫಾರ್ಮನ್ನು ತಾನೇ ಹರಿದು ಅಪ್ಪನ ಕಾಲಿಗೆ ಬಿದ್ದಳು. ಟಾಕೀಸಿನ ತುಂಬ ಚಪ್ಪಾಳೆ. ನಮ್ಮಪ್ಪನೂ ತಟ್ಟಿದ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, "ಭಾಳ ಛಲೋ ಅದ. ಹೆಣ್ಮಕ್ಕಳು ಅಂದ್ರ ಹಿಂಗಿರಬೇಕು" ಎಂದ. ಅವ್ವ ತಲೆ ತಗ್ಗಿಸಿದಳು.

ಅಕ್ಕ ಎದ್ದು ನಿಂತಳು. "ಅಪ್ಪಾ, ಕಥಿ ಇದಲ್ಲ. ತೆಲುಗಿನಾಗ ಆಕಿ ಕಾಲಿಗೆ ಬೀಳಂಗಿಲ್ಲ. ಎದುರು ನಿಂದ್ರತಾಳ."

"ನಿಂತು ಏನಂತಾಳ?"

"'ಅಪ್ಪಾ, ನಿನ್ನ ಮರ್ಯಾದಿ ನಾ ಕಳ್ಯಂಗಿಲ್ಲ. ಆದ್ರ, ನನ್ನ ಸಾಲಿ ನೀ ಬಿಡಿಸಬ್ಯಾಡ. ಬಸ್ಸಿಗೆ ನಾನೇ ಕಾಯ್ತೀನಿ, ನಾನೇ ಹೋಗಿ ಬರ್ತೀನಿ' ಅಂತಾಳ."

ಸುತ್ತಲಿನ ಜನ ತಿರುಗಿ ನೋಡಿದರು. ಅಕ್ಕನ ದನಿ ತಗ್ಗಲಿಲ್ಲ. ನನ್ನ ಕಣ್ಣಿಗೆ ಅವಳು ಎರಡೂ ಸಿನಿಮಾದ ಹುಡುಗಿಯರಿಗಿಂತ ಎತ್ತರ ಕಂಡಳು. ಅಪ್ಪ ಅವ್ವನ ಕಡೆ ತಿರುಗಿ, "ಖರೇನು?" ಎಂದ.

"ಖರೆ ಅದ್ರಿ," ಎಂದಳು ಅವ್ವ, ರೆಪ್ಪೆ ಮಿಟುಕಿಸದೆ. "ಹಂಗೇ ಅಂತಾಳ."

ಮಳಖೇಡದಲ್ಲಿ ಬಸ್ಸಿಳಿಯುವಾಗ ಅಪ್ಪ, "ಫಾರ್ಮ್ ಯಾವಾಗ ಕೊಡ್ತಾರ?" ಎಂದಷ್ಟೇ ಕೇಳಿದ.

ಈಗ ಬೇಕೆಂದ ಸಿನಿಮಾ ಮೊಬೈಲಿನಲ್ಲೇ ಸಿಗುತ್ತದೆ. ಮೊನ್ನೆ ಆ ತೆಲುಗು ಚಿತ್ರವನ್ನು ಹುಡುಕಿ ನೋಡಿದೆ. ಅಪ್ಪನ ಎದುರು ಹುಡುಗಿ ಅಳುತ್ತ ನಿಂತಿರುತ್ತಾಳೆ, ಅವಳ ಪರವಾಗಿ ಹೀರೋ ಬಂದು ಮಾತಾಡುತ್ತಾನೆ. ಹಿಂದೆ ಸರಿಸಿ ಎರಡು ಸಲ ನೋಡಿದೆ. ಅಕ್ಕ ಹೇಳಿದ ಒಂದು ಮಾತೂ ಅದರಲ್ಲಿಲ್ಲ. ಹದಿನಾರರ ಹುಡುಗಿ ಏನು ಮಾತಾಡಿಯಾಳು ಎಂಬುದು ಆ ಎರಡೂ ಸಿನಿಮಾ ತೆಗೆದವರಿಗೆ ಹೊಳೆದಿರಲಿಲ್ಲ, ಮಳಖೇಡದ ನಮ್ಮಕ್ಕನಿಗೆ ನಿಂತಲ್ಲೇ ಹೊಳೆದಿತ್ತು. ಮತ್ತೆ ಅವ್ವ? ಅವಳಿಗೆ ತೆಲುಗು ಬರುತ್ತಿತ್ತು, ಎಲ್ಲ ಗೊತ್ತಿದ್ದೇ ಹೂಂ ಅಂದಿದ್ದಳು.

ಎರಡೂ ಸಿನಿಮಾ ಉಳಿದಿವೆ, ಎಷ್ಟು ಸಲ ಬೇಕಾದರೂ ನೋಡಬಹುದು. ಅವ್ವ ಹೋಗಿ ಮೂರು ವರ್ಷವಾಯಿತು. ಆ ಒಂದು ಸುಳ್ಳಿಗಾಗಿ ಅವಳ ಕಾಲು ಮುಟ್ಟಬೇಕಿತ್ತು, ನನಗೆ ಗೊತ್ತಾಗುವಷ್ಟರಲ್ಲಿ ತಡವಾಯಿತು.